ಪೇಟೆ ಬಿದ್ದಾಗ ಅರ್ಧವಾಗುವ ಬಿಪಿ ಮಾತ್ರೆ

ಮಾನ್ಯರೇ,

ಷೇರುಪೇಟೆ ಕುಸಿದ ಮರುದಿನ ನಿಮ್ಮ ವಾಣಿಜ್ಯ ಪುಟದಲ್ಲಿ ಹೂಡಿಕೆದಾರರ ಇಷ್ಟು ಲಕ್ಷ ಕೋಟಿ ರೂಪಾಯಿ ಸಂಪತ್ತು ಕರಗಿತು ಎಂಬ ತಲೆಬರಹ ತಪ್ಪದೆ ಬರುತ್ತದೆ. ಯಾವ ಕಂಪನಿಯ ಷೇರು ಎಷ್ಟು ಇಳಿಯಿತು, ವಿದೇಶಿ ಹೂಡಿಕೆದಾರರು ಎಷ್ಟು ಮಾರಿದರು, ರೂಪಾಯಿ ಎಲ್ಲಿಗೆ ಬಂದು ನಿಂತಿತು ಎಲ್ಲವೂ ಇರುತ್ತದೆ. ಆ ವಾರ ಎಷ್ಟು ಜನ ನಿದ್ದೆಗೆಟ್ಟರು, ಎಷ್ಟು ಜನ ಬಿಪಿ ಮಾತ್ರೆ ಬಿಟ್ಟರು ಎಂಬುದು ಮಾತ್ರ ಯಾವ ಪುಟದಲ್ಲೂ ಬರುವುದಿಲ್ಲ. ನಾನು ತೀರ್ಥಹಳ್ಳಿಯಲ್ಲಿ ಔಷಧ ಅಂಗಡಿ ನಡೆಸುವವಳು. ಡಿ.ಫಾರ್ಮ ಓದಿ, ಮದುವೆಯಾಗಿ ಈ ಊರಿಗೆ ಬಂದು, ಮಾವನವರ ಕಾಲದ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದೇನೆ. ಮನೆಗೆ ಸ್ವಲ್ಪ ಅಡಿಕೆ ತೋಟವೂ ಇದೆ. ಹಾಗಾಗಿ ಎರಡು ಪೇಟೆಗಳ ಏರಿಳಿತ ನನ್ನ ಗಲ್ಲಾಪೆಟ್ಟಿಗೆಯ ಎದುರಿಗೇ ಹಾದುಹೋಗುತ್ತದೆ. ಶಿವಮೊಗ್ಗದ ಅಡಿಕೆ ಮಂಡಿಯದ್ದು ಒಂದು, ಮುಂಬೈಯದ್ದು ಇನ್ನೊಂದು.

ಪೇಟೆ ಬಿದ್ದ ದಿನವೇ ಜನ ಎದೆ ಹಿಡಿದುಕೊಂಡು ಬರುತ್ತಾರೆಂದು ಸಿನಿಮಾ ನೋಡಿದವರು ಭಾವಿಸಬಹುದು. 2025ರ ಏಪ್ರಿಲ್ 7ರಂದು ಅಮೆರಿಕದ ಸುಂಕದ ಗಲಾಟೆಯಲ್ಲಿ ಸೆನ್ಸೆಕ್ಸ್ 2,226 ಅಂಶ ಇಳಿದಾಗ ನನ್ನ ಅಂಗಡಿಯಲ್ಲಿ ವಿಶೇಷವೇನೂ ನಡೆಯಲಿಲ್ಲ. 2020ರ ಮಾರ್ಚ್ 23ರಂದು ಅದು ಶೇಕಡಾ 13ರಷ್ಟು ಕುಸಿದದ್ದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ವಾರ ಊರಿಗೆ ಊರೇ ಹೆದರಲು ಬೇರೆ ಕಾರಣವಿತ್ತು, ಮಾಸ್ಕಿಗಾಗಿ ಜನ ಬಾಗಿಲು ಬಡಿಯುತ್ತಿದ್ದರು. ದೇಹವನ್ನು ಹಣ್ಣು ಮಾಡುವುದು ನಿಧಾನದ ಇಳಿತ. 2024ರ ಸೆಪ್ಟೆಂಬರ್ ಕೊನೆಗೆ 26,277ಕ್ಕೆ ಏರಿದ್ದ ನಿಫ್ಟಿ ಎಂಬ ಷೇರು ಸೂಚ್ಯಂಕ, ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಐದು ತಿಂಗಳು ಸತತವಾಗಿ ಇಳಿಯಿತು. 1996ರ ನಂತರ ಹಾಗಾದದ್ದು ಅದೇ ಮೊದಲು. ಆ ಐದು ತಿಂಗಳು ನಮ್ಮಲ್ಲಿ ಅಡಿಕೆಗೊನೆ ಕೊಯ್ಲಿನ ಕಾಲ ಎಂಬುದನ್ನು ಬೆಂಗಳೂರಿನ ವಿಶ್ಲೇಷಕರು ಗಮನಿಸಿರಲಾರರು. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದವರ ಕೈಗೆ ವರ್ಷದ ದುಡ್ಡು ಬರುವುದು ಆಗಲೇ. ‘ಈಗ ಕಡಿಮೆಗೆ ಸಿಗುತ್ತಿದೆ, ಹಾಕಿ’ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಷೇರಿಗೆ ಹಾಕಿದವರು ಪ್ರತಿ ತಿಂಗಳೂ ಅದು ಇನ್ನಷ್ಟು ಕಡಿಮೆಯಾಗುವುದನ್ನು ನೋಡಿದರು.

ಆ ಚಳಿಗಾಲದಲ್ಲಿ ನನಗೆ ಗೊತ್ತಾದ ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಹೊಳೆಯಾಚೆಯ ಬೆಳೆಗಾರರು, ಐವತ್ತರ ಆಸುಪಾಸು. ತಮಗೂ ತಾಯಿಗೂ ಸೇರಿಸಿ ತಿಂಗಳ ಮಾತ್ರೆ ಒಟ್ಟಿಗೆ ಒಯ್ಯುತ್ತಿದ್ದರು. ತಾಯಿಗೆ ಸಕ್ಕರೆ ಕಾಯಿಲೆ, ಇವರಿಗೆ ಬಿಪಿ. ಒಂದು ತಿಂಗಳು ಬಂದವರು, ‘ಅಮ್ಮನದು ಪೂರ್ತಿ ಕೊಡಿ, ನನ್ನದು ಹತ್ತು ಮಾತ್ರೆ ಸಾಕು, ಮನೆಯಲ್ಲಿ ಇನ್ನೂ ಇದೆ’ ಎಂದರು. ಮನೆಯಲ್ಲಿ ಇರಲು ಸಾಧ್ಯವಿಲ್ಲವೆಂದು ನನ್ನ ಕಂಪ್ಯೂಟರಿನ ಬಿಲ್ಲು ಹೇಳುತ್ತಿತ್ತು. ಮುಂದಿನ ತಿಂಗಳು ಅವರ ಬಿಪಿ ಮಾತ್ರೆಯೇ ಇಲ್ಲ, ಬದಲಿಗೆ ಗ್ಯಾಸಿನ ಮಾತ್ರೆ. ಆಮೇಲೆ ಅವರ ಹೆಂಡತಿ ಬಂದರು. ಬೇರೆ ಗಿರಾಕಿಗಳು ಹೋಗುವ ತನಕ ಬದಿಗೆ ನಿಂತಿದ್ದು, ಡಾಕ್ಟರ ಚೀಟಿ ಇಲ್ಲದೆ ನಿದ್ದೆ ಮಾತ್ರೆ ಸಿಗುತ್ತದೆಯೇ ಎಂದು ಕೇಳಿದರು. ಯಾರಿಗೆ ಎಂದೆ. ‘ಇವರು ರಾತ್ರಿ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾರೆ. ಕೇಳಿದರೆ ಅಡಿಕೆ ಧಾರಣೆ ನೋಡುತ್ತಿದ್ದೇನೆ ಎನ್ನುತ್ತಾರೆ. ರಾತ್ರಿ ಒಂದು ಗಂಟೆಗೆ ಯಾವ ಮಂಡಿ ತೆರೆದಿರುತ್ತದೆ ಅಕ್ಕಾ?’

ಮಂಡಿ ತೆರೆದಿರುವುದಿಲ್ಲ. ಆದರೆ ಗುಜರಾತಿನ ಗಿಫ್ಟ್ ಸಿಟಿ ಎಂಬ ಹಣಕಾಸು ಕೇಂದ್ರದಲ್ಲಿ ನಿಫ್ಟಿಯ ವಹಿವಾಟು ಬೆಳಗಿನ ಆರೂವರೆಗೆ ಶುರುವಾದರೆ, ಮಧ್ಯೆ ಒಂದಿಷ್ಟು ಬಿಡುವು ಬಿಟ್ಟು, ನಡುರಾತ್ರಿ ದಾಟಿ ಎರಡೂ ಮುಕ್ಕಾಲರವರೆಗೆ ನಡೆಯುತ್ತದೆ. ಅಮೆರಿಕದ ಪೇಟೆ ನಮ್ಮ ಸಂಜೆ ಏಳು ಅಥವಾ ಎಂಟರ ಹೊತ್ತಿಗೆ ತೆರೆಯುತ್ತದೆ. ನಾಳೆ ಬೆಳಿಗ್ಗೆ 9.15ಕ್ಕೆ ನಮ್ಮ ಪೇಟೆ ಎಲ್ಲಿ ತೆರೆದೀತು ಎಂದು ರಾತ್ರಿಯಿಡೀ ಊಹಿಸುತ್ತಾ ಕೂರಲು ಬೇಕಾದ ಏರ್ಪಾಡೆಲ್ಲ ಅಂಗೈಯಲ್ಲೇ ಇದೆ. ಪೇಟೆ ಏರುವಾಗ ಈ ಜನ ರಾತ್ರಿ ಹತ್ತಕ್ಕೆ ಮಲಗುತ್ತಾರೆ. ಇಳಿಯುವಾಗ ಮಲಗುವುದಿಲ್ಲ.

ನಿದ್ದೆ ಮಾತ್ರೆ ನಾನು ಕೊಡಲಿಲ್ಲ. ಅಲ್ಪ್ರಜೋಲಮ್‌ನಂಥ ಮಾತ್ರೆಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ, ಅಂದರೆ ಚೀಟಿಯಿಲ್ಲದೆ ಮಾರುವಂತಿಲ್ಲ. ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎಂಬುದನ್ನೆಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ಮಾತ್ರೆಯ ಅಭ್ಯಾಸ ಹತ್ತಿದರೆ ಬಿಡಿಸುವುದು ಕಷ್ಟ, ಅದರ ಜೊತೆ ಮದ್ಯ ಸೇರಿದರೆ ಉಸಿರಿಗೇ ಅಪಾಯ. ಗಂಡನನ್ನು ಕರೆದುಕೊಂಡು ಬನ್ನಿ ಎಂದೆ. ಬಂದರು. ಅಂಗಡಿಯ ಯಂತ್ರದಲ್ಲಿ ನೋಡಿದರೆ 170ರ ಮೇಲೆ 110. ಮಂಡಿಯಿಂದ ತಂದ ಮುಂಗಡವನ್ನೂ ಷೇರಿಗೆ ಹಾಕಿ ಕಳೆದುಕೊಂಡಿದ್ದರು. ಅದನ್ನು ಅವರು ಹೇಳಿದ್ದು ಹೆಂಡತಿ ಹೊರಗೆ ಸ್ಕೂಟರಿನ ಹತ್ತಿರ ಹೋದ ಮೇಲೆ.

ನನ್ನನ್ನು ಇವತ್ತಿಗೂ ಕಾಡುವ ಸಂಗತಿ ಒಂದಿದೆ. ಅವರ ಬಿಪಿ ಮಾತ್ರೆಗೆ ತಿಂಗಳಿಗೆ ಮುನ್ನೂರು ರೂಪಾಯಿಯೂ ಆಗುತ್ತಿರಲಿಲ್ಲ. ಲಕ್ಷಗಟ್ಟಲೆ ಕಳೆದುಕೊಂಡವರಿಗೆ ಅದನ್ನು ಉಳಿಸಿ ಆಗಬೇಕಾದ್ದು ಏನೂ ಇರಲಿಲ್ಲ. ತಾಯಿಯ ಮಾತ್ರೆಯಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ, ಮಗಳ ಕಾಲೇಜು ಶುಲ್ಕ ಕಟ್ಟಿದರು, ತಮ್ಮದನ್ನು ಮಾತ್ರ ಬಿಟ್ಟರು. ಅದು ಉಳಿತಾಯವಲ್ಲ, ತನಗೆ ತಾನೇ ಹಾಕಿಕೊಂಡ ದಂಡ. ಇಂಥವರನ್ನು ಆಮೇಲೂ ಕಂಡಿದ್ದೇನೆ. ಕನ್ನಡಕ ಒಡೆದರೆ ಹಾಗೇ ದಾರ ಕಟ್ಟಿಕೊಂಡು ತಿರುಗುತ್ತಾರೆ, ಹಲ್ಲುನೋವಿಗೆ ಲವಂಗ ಕಚ್ಚುತ್ತಾರೆ, ಬೆಳಗಿನ ನಡಿಗೆ ಬಿಡುತ್ತಾರೆ, ಯಾರಾದರೂ ಸಿಕ್ಕಿ ಮಾತಾಡಿಸಿಯಾರು ಎಂದು ಪೇಟೆಯ ದಾರಿಯನ್ನೇ ತಪ್ಪಿಸುತ್ತಾರೆ. ಬಿಟ್ಟಿದ್ದ ಸಿಗರೇಟು ತಾನಾಗಿಯೇ ಬೆರಳಿಗೆ ಬಂದಿರುತ್ತದೆ. ಬಿಪಿ ಏರಿದರೆ ನೋವಿಲ್ಲ, ಗಂಟೆಯಿಲ್ಲ, ಹಾಗಾಗಿ ಮಾತ್ರೆ ಬಿಟ್ಟ ಮೊದಲ ವಾರ ಏನೂ ಆಗದ್ದನ್ನು ಕಂಡು ಇನ್ನೂ ಧೈರ್ಯ ಬರುತ್ತದೆ. ಅಟೆನೊಲೋಲ್, ಮೆಟೊಪ್ರೊಲೋಲ್‌ನಂಥ ಮಾತ್ರೆ ನುಂಗುವವರು ಒಮ್ಮೆಲೇ ನಿಲ್ಲಿಸಿದರೆ ಹೃದಯಕ್ಕೇ ಪೆಟ್ಟು ಬೀಳಬಹುದು. ಇದನ್ನು ದಯವಿಟ್ಟು ದಪ್ಪ ಅಕ್ಷರದಲ್ಲಿ ಮುದ್ರಿಸಿ.

ಮಲೆನಾಡಿನವರಿಗೆ ಪೇಟೆ ಬೀಳುವುದು ಹೊಸತಲ್ಲ. 2014ರಲ್ಲಿ ‘ರಾಶಿ’ ಎಂಬ ಬಗೆಯ ಅಡಿಕೆಯ ಧಾರಣೆ ಎಲ್ಲಿಗೆ ಏರಿತ್ತು, ಆಮೇಲೆ ಎಲ್ಲಿಗೆ ಇಳಿಯಿತು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಅಡಿಕೆ ಬಿದ್ದಾಗ ಊರೆಲ್ಲ ಒಟ್ಟಿಗೆ ಬೀಳುತ್ತದೆ. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್‌ನ ಅಂಗಳದಲ್ಲಿ, ಸೊಸೈಟಿ ಮೆಟ್ಟಿಲಿನ ಮೇಲೆ, ಶಿವಮೊಗ್ಗದ ಬಸ್ಸಿನಲ್ಲಿ ಅದೇ ಮಾತು. ಸರ್ಕಾರಕ್ಕೆ ಬೈಯುತ್ತಾರೆ, ಆಮದಿಗೆ ಬೈಯುತ್ತಾರೆ, ಮದುವೆಯ ಊಟದಲ್ಲಿ ಎರಡು ಸಿಹಿ ಕಡಿಮೆ ಮಾಡುತ್ತಾರೆ, ಯಾರೂ ಆಡಿಕೊಳ್ಳುವುದಿಲ್ಲ. ನನ್ನ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ‘ಕೊಯ್ಲು ಮುಗಿಯಲಿ, ಕೊಡುತ್ತೇನೆ’ ಎಂದು ನಾಲ್ಕು ಜನರ ಎದುರಿಗೇ ಹೇಳಿ ಮಾತ್ರೆ ಒಯ್ಯುತ್ತಾರೆ, ಹೇಳಿದಂತೆ ಕೊಡುತ್ತಾರೆ ಕೂಡ. ತೋಟಕ್ಕೆ ಎಲೆಚುಕ್ಕಿ ರೋಗ ಬಂದಾಗಲೂ, ಕೊಳೆ ಬಂದಾಗಲೂ ಹೀಗೇ. ಷೇರಿನಲ್ಲಿ ಕಳೆದುಕೊಂಡವರು ಉದ್ರಿ ಕೇಳುವುದಿಲ್ಲ. ನಗದು ಎಣಿಸಿ ಕೊಟ್ಟು ಕಡಿಮೆ ಮಾತ್ರೆ ಕೊಳ್ಳುತ್ತಾರೆ. ಬಾಯಿ ಬಿಟ್ಟರೆ ಬಣ್ಣಗೇಡು. ‘ದುರಾಸೆ ಮಾಡಿದ, ಅನುಭವಿಸಲಿ’ ಎಂದು ಜನ ಹೇಳುತ್ತಾರೆಂಬುದು ಅವರಿಗೆ ಗೊತ್ತು, ಏಕೆಂದರೆ ಪೇಟೆ ಏರುತ್ತಿದ್ದಾಗ ಇನ್ನೊಬ್ಬರ ಬಗ್ಗೆ ತಾವೂ ಹಾಗೆ ಹೇಳಿದ್ದವರೇ.

ನಮ್ಮಲ್ಲಿ ಚೀಟಿ ಬರೆಯುವ ಹಿರಿಯ ವೈದ್ಯರೊಬ್ಬರ ಹತ್ತಿರ ಇದನ್ನು ಹೇಳಿದಾಗ ಅವರು ಅಡ್ಡ ವಾದ ಹೂಡಿದರು. ಆರ್ಥಿಕತೆ ಕುಂಟಿದಾಗ ಜನರ ಆರೋಗ್ಯ ಸುಧಾರಿಸುತ್ತದೆ ಎಂದು ತೋರಿಸಿದ ಸಂಶೋಧನೆಯೂ ಇದೆಯಲ್ಲ ಎಂದರು. ಇದೆ, ನಿಜ. ಅಮೆರಿಕದ ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ರೂಮ್ 2000ದಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅಲ್ಲಿ ನಿರುದ್ಯೋಗ ದರ ಒಂದು ಶೇಕಡಾ ಅಂಶದಷ್ಟು ಹೆಚ್ಚಿದರೆ ಒಟ್ಟು ಸಾವು ಅರ್ಧ ಶೇಕಡಾದಷ್ಟು ಇಳಿಯುತ್ತಿತ್ತು. ಕೈಯಲ್ಲಿ ದುಡ್ಡಿಲ್ಲದಾಗ ಜನ ಸಿಗರೇಟು ಕಡಿಮೆ ಸೇದುತ್ತಾರೆ, ವಾಹನ ಕಡಿಮೆ ಓಡಿಸುತ್ತಾರೆ, ನಡೆಯುತ್ತಾರೆ. ಆತ್ಮಹತ್ಯೆ ಮಾತ್ರ ಅಲ್ಲಿಯೂ ಹೆಚ್ಚಿತ್ತು. ಅಡಿಕೆ ಧಾರಣೆ ಬಿದ್ದ ವರ್ಷ ಇಲ್ಲಿನ ಬಾರುಗಳಲ್ಲಿ ಗದ್ದಲ ಕಡಿಮೆಯಾದದ್ದು, ಜೀಪು ಶೆಡ್ಡಿನಲ್ಲೇ ನಿಂತದ್ದು ನನಗೂ ನೆನಪಿದೆ. ಅದು ಎಲ್ಲರ ಕೈಯೂ ಬಿಗಿಯಾದ ಕಾಲದ ಮಾತು. ಇದ್ದ ಉಳಿತಾಯ ಕಣ್ಣೆದುರಿಗೇ ಕರಗುವಾಗ ಆಗುವುದು ಬೇರೆ. ಅದೇ ಅಮೆರಿಕದಲ್ಲಿ ಷೇರು ಸೂಚ್ಯಂಕ ಬಿದ್ದಾಗ ಧೂಮಪಾನ, ಮಿತಿಮೀರಿದ ಕುಡಿತ, ಕುಡಿದು ವಾಹನ ಓಡಿಸಿ ಆಗುವ ಸಾವುಗಳು ಹೆಚ್ಚುತ್ತವೆ ಎಂದು ಇನ್ನೊಂದು ಅಧ್ಯಯನ ಹೇಳಿದೆ.

ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳ ಸುಮಾರು ಮೂರು ದಶಕದ ದಾಖಲೆ ತೆಗೆದು ನೋಡಿದವರಿದ್ದಾರೆ. ಪೇಟೆ ಒಂದು ದಿನ ಶೇಕಡಾ ಒಂದೂವರೆಯಷ್ಟು ಇಳಿದರೆ ಮುಂದಿನ ಎರಡು ದಿನಗಳಲ್ಲಿ ದಾಖಲಾತಿ ಶೇ 0.18ರಿಂದ 0.28ರಷ್ಟು ಹೆಚ್ಚುತ್ತದೆ, ಆತಂಕ ಮೊದಲಾದ ಮಾನಸಿಕ ತೊಂದರೆಗಳಲ್ಲಿ ಅದು ಬೇಗ ಕಾಣುತ್ತದೆ ಎಂದು ಅವರು 2016ರಲ್ಲಿ ಪ್ರಕಟಿಸಿದರು. ಸಣ್ಣ ಅಂಕಿ ಎನಿಸಬಹುದು, ಆದರೆ ಅಷ್ಟು ದೊಡ್ಡ ರಾಜ್ಯದ ಎಲ್ಲ ಆಸ್ಪತ್ರೆಗಳಿಗೆ ಅನ್ವಯಿಸಿದರೆ ಸಣ್ಣದಲ್ಲ. ಶಾಂಘೈಯದ್ದು ನನಗೆ ಇನ್ನೂ ಸ್ವಾರಸ್ಯಕರ. 2006ರಿಂದ 2008ರವರೆಗೆ ಅಲ್ಲಿನ ಸೂಚ್ಯಂಕ ಒಂದು ದಿನದಲ್ಲಿ ನೂರು ಅಂಶ ಆಚೀಚೆಯಾದರೆ ಹೃದಯದ ರಕ್ತನಾಳದ ಕಾಯಿಲೆಯ ಸಾವು ಹೆಚ್ಚುತ್ತಿತ್ತು. ಇಳಿದಾಗ ಮಾತ್ರವಲ್ಲ, ಜೋರಾಗಿ ಏರಿದಾಗಲೂ! ಲಾಭ ಬಂದರೆ ಆರೋಗ್ಯವೂ ಬರುತ್ತದೆ ಎಂದುಕೊಂಡವರು ಇದನ್ನು ಕತ್ತರಿಸಿ ಇಟ್ಟುಕೊಳ್ಳಲಿ. 2018ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದದ್ದು ಮಧ್ಯವಯಸ್ಸು ದಾಟಿದವರ ಬಗ್ಗೆ. ಎರಡು ವರ್ಷದೊಳಗೆ ಆಸ್ತಿಯ ಮುಕ್ಕಾಲು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ಕಳೆದುಕೊಂಡವರು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸಾಯುವ ಸಂಭವ ಉಳಿದವರಿಗಿಂತ ಶೇಕಡಾ 50ರಷ್ಟು ಹೆಚ್ಚಿತ್ತು.

ಇದು ದೊಡ್ಡ ನಗರದವರ ಕಾಯಿಲೆ ಎಂದು ಪತ್ರಿಕೆಯವರೂ ಅಧಿಕಾರಿಗಳೂ ತಿಳಿದಿದ್ದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ವರದಿಯನ್ನು ಇನ್ನೊಮ್ಮೆ ನೋಡಬೇಕು. ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟಿದಂತಿರುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ 2022ರ ಮಾರ್ಚಿಗೆ ಮುಗಿದ ವರ್ಷದಿಂದ 2024ರ ಮಾರ್ಚಿನವರೆಗಿನ ಮೂರು ವರ್ಷಗಳಲ್ಲಿ ನಷ್ಟ ಅನುಭವಿಸಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಮರುವರ್ಷವೂ ನೂರಕ್ಕೆ 91 ಮಂದಿಗೆ ನಷ್ಟ. ಈ ವಹಿವಾಟುದಾರರಲ್ಲಿ ಶೇಕಡಾ 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ ಮೂವತ್ತು ನಗರಗಳ ಆಚೆಯವರು. ಅಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಂಥ ಊರುಗಳವರು. 2023–24ರಲ್ಲಿ ಒಟ್ಟು ವಹಿವಾಟುದಾರರಲ್ಲಿ ಶೇ 43ರಷ್ಟು ಜನ ಮೂವತ್ತು ವರ್ಷದೊಳಗಿನ ಹುಡುಗ ಹುಡುಗಿಯರು. ನನ್ನ ಅಂಗಡಿಗೆ ಬರುವ ಆ ವಯಸ್ಸಿನವರಿಗೆ ಬಿಪಿ ಇಲ್ಲ. ಅವರು ಕೇಳುವುದು ತಲೆನೋವಿನ ಮಾತ್ರೆ, ಎದೆಯುರಿಗೆ ಸಿರಪ್ಪು, ಕಣ್ಣುರಿಗೆ ಹನಿ. ‘ಎದೆ ಡವಡವ ಎನ್ನುತ್ತದೆ, ಏನಾದರೂ ಕೊಡಿ ಆಂಟಿ’ ಎಂದು ಒಬ್ಬ ಬಂದಿದ್ದ. ಮನೆಯಲ್ಲಿ ಅವನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆಂದು ತಿಳಿದಿದ್ದಾರೆ. ಅಮ್ಮನ ಬಳೆ ಅಡವಿಟ್ಟದ್ದು ಅವನಿಗೂ ಫೈನಾನ್ಸ್‌ನವರಿಗೂ ನನಗೂ ಬಿಟ್ಟರೆ ಆಗ ಯಾರಿಗೂ ಗೊತ್ತಿರಲಿಲ್ಲ.

ಷೇರು ಮುಟ್ಟಬೇಡಿ ಎಂದು ಉಪದೇಶಿಸಲು ಇದನ್ನು ಬರೆಯುತ್ತಿಲ್ಲ. ನಾನೂ ತಿಂಗಳಿಗಿಷ್ಟು ಎಂದು ಮ್ಯೂಚುವಲ್ ಫಂಡಿಗೆ ಕಟ್ಟುತ್ತೇನೆ, ವರ್ಷಕ್ಕೊಮ್ಮೆ ನೋಡಿ ಮುಚ್ಚಿಡುತ್ತೇನೆ. ನಿದ್ದೆಗೆಡುವವರು ಬಹುಪಾಲು ಸಾಲ ತಂದು ಹಾಕಿದವರು, ಇಲ್ಲವೇ ದಿನಕ್ಕೆ ಹತ್ತು ಸಲ ನೋಡುವವರು. ಅವರಿಗೆ ಪೇಟೆಯ ಬುದ್ಧಿಮಾತು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬಿಪಿ ಎಷ್ಟಾಗಿದೆ ಎಂದು ಕೇಳುವವರು ಬೇಕು.

ಕೇಳಲು ಸರ್ಕಾರದಲ್ಲಿ ಜಾಗವೂ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ತಪಾಸಣೆ ಎಂದು ನಮ್ಮ ರಾಜ್ಯ ವರ್ಷಗಳ ಹಿಂದೆಯೇ ಮಾಡಿದೆ. ಒಳ್ಳೆಯ ಕೆಲಸ. ವಿಚಿತ್ರವೆಂದರೆ 2025ರ ಸೆಪ್ಟೆಂಬರ್‌ನಿಂದ ನಿಫ್ಟಿಯ ವಾರದ ಆಪ್ಷನ್ ಗಡುವು, ಅಂದರೆ ಆ ಪಣದ ಲೆಕ್ಕ ಚುಕ್ತವಾಗುವ ದಿನ, ಗುರುವಾರದಿಂದ ಮಂಗಳವಾರಕ್ಕೆ ಬಂದಿದೆ. ವಾರದಲ್ಲಿ ಯಾವ ದಿನ ವೈದ್ಯರ ಎದುರು ಕೂರಬೇಕೋ ಅದೇ ದಿನ ಮಧ್ಯಾಹ್ನ ಮೂರೂವರೆಯವರೆಗೆ ಈ ವಹಿವಾಟು ನಡೆಸುವ ಹುಡುಗರು ಮೊಬೈಲ್ ಬಿಟ್ಟು ಏಳಲಾರರು. ಎದ್ದರೂ ಮನೋವೈದ್ಯರ ಕೋಣೆಯ ಮುಂದೆ ನಿಂತದ್ದನ್ನು ನೆಂಟರು ನೋಡಿದರೆ ಎಂಬ ಅಳುಕು ಬೇರೆ. ಸಣ್ಣ ಊರಿನಲ್ಲಿ ಆ ಅಳುಕನ್ನು ಯಾವ ಭಾಷಣವೂ ತೆಗೆಯುವುದಿಲ್ಲ.

ಬಿಪಿ, ಸಕ್ಕರೆ ತಪಾಸಣೆಯ ಸಾಲಿನಲ್ಲಿ ನಿಲ್ಲಲು ಮಾತ್ರ ಯಾರಿಗೂ ನಾಚಿಕೆಯಿಲ್ಲ. ಹಾಗಾಗಿ ನನ್ನ ಬೇಡಿಕೆ ಸಣ್ಣದು. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಒಯ್ಯುವ ನಮೂನೆಯಲ್ಲಿ ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವ್ಯಾಯಾಮ ಎಲ್ಲ ಕೇಳುತ್ತಾರೆ. ಆಸ್ಪತ್ರೆಯ ಬಿಪಿ ಕೋಣೆಯಲ್ಲಿ ಕೂತ ನರ್ಸಮ್ಮನವರು ಅವುಗಳ ಜೊತೆಗೇ, ‘ಈಚೆಗೆ ಸಾಲದ್ದೋ ಹಣದ್ದೋ ಮಂಡೆಬಿಸಿ ಇದೆಯೇ, ಮಾತ್ರೆ ಏನಾದರೂ ಬಿಟ್ಟಿದ್ದೀರಾ?’ ಎಂದು ಕೇಳಲಿ. ಇದಕ್ಕೆ ಹೊಸ ಯೋಜನೆ, ಹೊಸ ಹುದ್ದೆ ಬೇಕಿಲ್ಲ. ಜೊತೆಗೆ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ, ಜನೌಷಧಿ ಕೇಂದ್ರಗಳಲ್ಲಿ ಬಹಳ ಅಗ್ಗ ಎಂಬುದನ್ನು ಹೇಳಲಿ. ಔಷಧ ಅಂಗಡಿಯವಳೇ ಇದನ್ನು ಬರೆಯುತ್ತಿದ್ದಾಳಲ್ಲ ಎಂದು ನನ್ನ ಯಜಮಾನರು ನಗುತ್ತಿದ್ದಾರೆ, ನಗಲಿ.

ಗ್ಯಾಸ್ ಎಂದು ಬರುವವರ ವಿಷಯವೂ ಒಂದಿದೆ. ಹಣದ ಚಿಂತೆಯಲ್ಲಿರುವವರು ಎದೆಯ ಬಿಗಿತವನ್ನು ಗ್ಯಾಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಹೆಚ್ಚು, ಇಸಿಜಿಗೆ ದುಡ್ಡಾಗುತ್ತದೆ ಎಂಬ ಹೆದರಿಕೆಗೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೃದಯಾಘಾತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನೂ ಉಚಿತವಾಗಿ ಕೊಡುತ್ತಾರೆ. 2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಏನೂ ತೊಂದರೆ ಇಲ್ಲದವರೂ ಇಸಿಜಿಗೆ ಸಾಲು ನಿಂತಿದ್ದರು. ತೊಂದರೆ ಇರುವವರು ನನ್ನ ಅಂಗಡಿಯಲ್ಲಿ ಗ್ಯಾಸಿನ ಮಾತ್ರೆ ಕೇಳುತ್ತಿದ್ದಾರೆ.

ನಿಮ್ಮ ಪತ್ರಿಕೆಯಿಂದ ನನಗೆ ಬೇಕಾದದ್ದು ಎರಡು ಸಾಲಿನ ಜಾಗ. ವಾಣಿಜ್ಯ ಪುಟದಲ್ಲಿ ಸೆನ್ಸೆಕ್ಸ್, ನಿಫ್ಟಿ, ಚಿನ್ನ, ಬೆಳ್ಳಿ, ಅಡಿಕೆ ಧಾರಣೆಯ ಪಟ್ಟಿ ಬರುತ್ತದಲ್ಲ, ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಎಂದು ಪ್ರತಿದಿನ ಹಾಕಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಬೇಕಾಗಿಲ್ಲ, ಯಾರ ಕೋಣೆಯ ಮುಂದೆಯೂ ನಿಲ್ಲಬೇಕಾಗಿಲ್ಲ. ಆ ಪುಟವನ್ನು ಬೆಳಿಗ್ಗೆ ಮೊದಲು ತೆರೆಯುವವರೇ ಆ ಸಂಖ್ಯೆ ಬೇಕಾದವರು. ಆರೋಗ್ಯ ಪುರವಣಿಯಲ್ಲಿ ಹಾಕಿದರೆ ಪ್ರಯೋಜನವಿಲ್ಲ, ಅದನ್ನು ಓದುವುದು ಅವರ ಹೆಂಡತಿಯರು. ಅಂದಹಾಗೆ ಹೆಂಡತಿಯರೂ ಆ ಸಂಖ್ಯೆಗೆ ಕರೆ ಮಾಡಬಹುದು.

ಮೇಲೆ ಹೇಳಿದ ಬೆಳೆಗಾರರು ತಾಲ್ಲೂಕು ಆಸ್ಪತ್ರೆಗೆ ಹೋದರು, ಮಾತ್ರೆ ಮತ್ತೆ ಶುರುವಾಯಿತು. ಹೆಂಡತಿಗೆ ಹೇಳಿದ್ದು ಎಳ್ಳಮಾವಾಸ್ಯೆ ಜಾತ್ರೆ ಕಳೆದು ಎಷ್ಟೋ ದಿನಗಳ ಮೇಲೆ. ಮಂಡಿಯ ಬಾಕಿ ಇನ್ನೂ ಇದೆ. ಕಳೆದ ವಾರ ನೋಡಿದಾಗ ಬಿಪಿ 140ರ ಮೇಲೆ 90, ಇನ್ನೂ ಇಳಿಯಬೇಕು.

ನನ್ನ ಹೆಸರು ಪ್ರಕಟಿಸಬೇಡಿ. ನಮ್ಮದು ಸಣ್ಣ ಊರು, ಅಂಗಡಿ ಯಾವುದೆಂದು ಗೊತ್ತಾದರೆ ಬದಿಗೆ ನಿಂತು ಕಾಯುವವರು ಬರುವುದನ್ನೇ ಬಿಟ್ಟಾರು.

— ಔಷಧ ವ್ಯಾಪಾರಿ, ತೀರ್ಥಹಳ್ಳಿ